ಎರೆಯುವ ಕೈಗೆ ಸಿಕ್ಕದ್ದು

ನಮ್ಮ ಬೀದರ ಜಿಲ್ಲೆಯ ಚಿಟಗುಪ್ಪದ ಕಡೆ ಕೂಸಿಗೆ ಎರೆಯುವಾಗ ಅವಸರ ನಡೆಯುವುದಿಲ್ಲ. ಆಯಿ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂರುತ್ತಾಳೆ, ಸೀರೆಯನ್ನು ಮೊಣಕಾಲ ಮೇಲಕ್ಕೆ ಸರಿಸಿ ಎರಡೂ ಕಾಲು ಚಾಚುತ್ತಾಳೆ, ಆ ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳುತ್ತಾಳೆ. ಮೊದಲು ಎಣ್ಣೆ. ನೆತ್ತಿ, ಎದೆ, ರಟ್ಟೆ, ಬೆನ್ನು, ತೊಡೆ, ಒಂದೂ ಬಿಡುವುದಿಲ್ಲ. ಬಲಗೈ ಎಡಗಾಲಿಗೆ, ಎಡಗೈ ಬಲಗಾಲಿಗೆ ತಾಗಿಸಿ ಕಟಕಟ ಮುರಿಯುತ್ತಾಳೆ. ಆಮೇಲೆ ಹಂಡೆಯ ಬಿಸಿನೀರು. ಕೂಸು ಮೊದಲು ಚೀರಿ, ಎರಡು ತಂಬಿಗೆ ಬೀಳುವಷ್ಟರಲ್ಲಿ ಸುಮ್ಮನಾಗಿ ಕಣ್ಣು ಮುಚ್ಚುತ್ತದೆ. ಕೂಸಿನ ಮೈಯ ಇಂಚಿಂಚೂ ದಿನಾಲೂ ಹೀಗೆ ಮುಟ್ಟಿ ನೋಡುವವರು ಮನೆಯಲ್ಲಿ ಇನ್ನೊಬ್ಬರಿಲ್ಲ. ಹೆತ್ತ ತಾಯಿ ಬಾಣಂತಿ ಕೋಣೆಯಲ್ಲಿ ಬೆಚ್ಚಗೆ ಹೊದ್ದು ಮಲಗಿರುತ್ತಾಳೆ. ಡಾಕ್ಟರು ನೋಡುವುದು ಹುಟ್ಟಿದ ದಿನ ಒಂದು ಸಲ, ಸೂಜಿ ಹಾಕಿಸುವಾಗ ಒಂದು ಸಲ.

ಹೀಗೆ ಎರೆಯುವಾಗಲೇ ಒಂದು ದಿನ ಆಯಿಯ ಕೈ ನಿಲ್ಲುತ್ತದೆ.

"ಏನವ್ವ, ಈ ಹುಡುಗಗ ಒಂದೇ ಬೀಜ ಅದಲ್ಲ?"

"ಹೌದೇನ್ರಿ ಅತ್ತಿ? ನಾ ನೋಡಿಲ್ಲ."

"ಇರಲಿ ಬಿಡು. ದೊಡ್ಡವ ಆದಂಗ ಆದಂಗ ತಾನೇ ಇಳೀತದ. ಯಾರ ಮುಂದೂ ಅನ್ನಬ್ಯಾಡ."

ನಮ್ಮ ಕಡೆಯ ಎಷ್ಟೋ ಮನೆಗಳ ಬಚ್ಚಲಲ್ಲಿ ಈ ಮಾತು ಹುಟ್ಟಿ, ಆ ಬಚ್ಚಲಲ್ಲೇ ಮುಗಿದುಹೋಗಿದೆ. ಆಯಿ ಕಂಡುಹಿಡಿದದ್ದು ಸರಿಯಾಗಿಯೇ ಇತ್ತು. 'ತಾನೇ ಇಳೀತದ' ಎಂದದ್ದರಲ್ಲೂ ಸತ್ಯವಿತ್ತು, ಆದರೆ ಆ ಸತ್ಯಕ್ಕೆ ಒಂದು ಗಡುವಿದೆ. 'ಯಾರ ಮುಂದೂ ಅನ್ನಬ್ಯಾಡ' ಎಂಬ ಕೊನೆಯ ಮಾತು ಮಾತ್ರ ಪೂರ್ತಿ ತಪ್ಪು, ಅದರ ಬೆಲೆಯನ್ನು ಆ ಹುಡುಗ ಮೂವತ್ತು ವರ್ಷದವನಾದಾಗ ತೆರಬೇಕಾಗುತ್ತದೆ.

ದಿನ ತುಂಬಿ ಹುಟ್ಟಿದ ಗಂಡು ಕೂಸುಗಳಲ್ಲಿ 100ಕ್ಕೆ ಸುಮಾರು 3ಕ್ಕೆ ಒಂದು ವೃಷಣವೋ ಎರಡೂ ವೃಷಣಗಳೋ ಚೀಲಕ್ಕೆ ಇಳಿದಿರುವುದಿಲ್ಲ. ದಿನ ತುಂಬದೆ ಹುಟ್ಟಿದ ಕೂಸುಗಳಲ್ಲಿ ಇದು 100ಕ್ಕೆ 30ರವರೆಗೂ ಹೋಗುತ್ತದೆ. ಮೊದಲ ಮೂರು ತಿಂಗಳಲ್ಲಿ ಇವುಗಳಲ್ಲಿ ಬಹಳಷ್ಟು ತಾವಾಗಿಯೇ ಇಳಿಯುತ್ತವೆ. ಹುಟ್ಟಿದ ಮೇಲೆ ಕೆಲವು ತಿಂಗಳು ಗಂಡು ಕೂಸಿನ ಮೈಯಲ್ಲಿ ಗಂಡು ಹಾರ್ಮೋನು ಉಕ್ಕಿ ಬರುವ ಒಂದು ಕಾಲವಿದೆ, ಇಳಿಯುವುದೆಲ್ಲ ಆ ಬಲದಲ್ಲಿ ಇಳಿಯುತ್ತದೆ. ಆರು ತಿಂಗಳು ಕಳೆದವೆಂದರೆ ಆ ಉಕ್ಕು ಇಳಿದುಹೋಗಿರುತ್ತದೆ, ಮತ್ತೆ ತಾನಾಗಿ ಇಳಿಯುವುದು ಅಪರೂಪ. ಒಂದು ವರ್ಷದ ಹುಡುಗರಲ್ಲಿ 100ಕ್ಕೆ ಸುಮಾರು ಒಬ್ಬನಿಗೆ ಈ ತೊಂದರೆ ಹಾಗೇ ಉಳಿದಿರುತ್ತದೆ. ಆಯಿಯ ಮಾತಿನ ಗಡುವು ಅದೇ ಆರು ತಿಂಗಳು. ದಿನ ತುಂಬದೆ ಹುಟ್ಟಿದ ಕೂಸಾದರೆ ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಲೆಕ್ಕ ಹಿಡಿಯಬೇಕು.

ಈ ಇಳಿಯುವುದು ಎಂದರೇನು ಎಂದು ಕೇಳಿದರೆ ಅದೊಂದು ದೊಡ್ಡ ಪ್ರಯಾಣದ ಕಥೆ. ಗರ್ಭದಲ್ಲಿ ವೃಷಣಗಳು ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ನೆರೆಯಲ್ಲಿ. ಅಲ್ಲಿಂದ ಮೆಲ್ಲಗೆ ಕೆಳಗೆ ಬಂದು, ಏಳನೇ ತಿಂಗಳ ಸುಮಾರಿಗೆ ತೊಡೆಸಂದಿನ ಸಣ್ಣ ದಾರಿಯಲ್ಲಿ ನುಸುಳಿ, ಒಂಬತ್ತನೇ ತಿಂಗಳ ಹೊತ್ತಿಗೆ ಚೀಲ ಸೇರಬೇಕು. ಕೆಳಗಿನಿಂದ ಒಂದು ಮೆತ್ತನೆಯ ಕಟ್ಟು ಅದಕ್ಕೆ ದಾರಿ ತೋರಿಸುತ್ತದೆ. ಆ ಕಟ್ಟನ್ನು ಗುರುತಿಸಿ 1762ರಲ್ಲಿ ಬರೆದವನು ಜಾನ್ ಹಂಟರ್ ಎಂಬ ಸ್ಕಾಟ್ಲೆಂಡ್ ಮೂಲದ ಶಸ್ತ್ರವೈದ್ಯ. ಈ ಪ್ರಯಾಣ ಎಲ್ಲಿಯಾದರೂ ನಿಂತರೆ, ಹೊಟ್ಟೆಯಲ್ಲೋ ತೊಡೆಸಂದಿನಲ್ಲೋ ಚೀಲದ ಬಾಯಿಯಲ್ಲೋ, ವೃಷಣ ಅಲ್ಲೇ ಕೂತುಬಿಡುತ್ತದೆ. ಹೆಚ್ಚಿನವರಲ್ಲಿ ತೊಂದರೆ ಒಂದೇ ಕಡೆ. 100ರಲ್ಲಿ 80ರಷ್ಟು ಮಕ್ಕಳಲ್ಲಿ ಬಲ್ಲವರ ಕೈಗೆ ಅದು ತೊಡೆಸಂದಿನ ಸುತ್ತಮುತ್ತಲೇ ಸಿಗುತ್ತದೆ.

ದೇವರು ಇಷ್ಟು ಬೆಲೆಯ ವಸ್ತುವನ್ನು ಹೊಟ್ಟೆಯೊಳಗೆ ಭದ್ರವಾಗಿ ಇಡುವುದು ಬಿಟ್ಟು ಹೊರಗೆ ಯಾಕೆ ಇಟ್ಟ ಎಂದು ನಮ್ಮ ಮುತ್ಯಾ ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಆನೆಯಲ್ಲಿ ಒಳಗೇ ಇಟ್ಟಿದ್ದಾನೆ. ಬೀದರ ಕೋಟೆಯಲ್ಲಿ ಬಹಮನಿ ಸುಲ್ತಾನರ ಆನೆಗಳನ್ನು ಕಾಯುತ್ತಿದ್ದ ಮಾವುತರಿಗೆ ಇದು ಗೊತ್ತಿದ್ದೀತು. ಎಂಥ ಸಲಗಕ್ಕೂ ಹೊರಗೆ ಏನೂ ಕಾಣುವುದಿಲ್ಲ, ಎರಡೂ ಹೊಟ್ಟೆಯ ಆಳದಲ್ಲಿ ಇರುತ್ತವೆ, ಆದರೂ ಅದು ಮರಿ ಹಾಕಿಸುತ್ತದೆ. ಮನುಷ್ಯನ ಲೆಕ್ಕ ಬೇರೆ. ನಮ್ಮಲ್ಲಿ ವೀರ್ಯಾಣು ಹುಟ್ಟುವುದಕ್ಕೆ ಮೈಯ ಒಳಗಿನ ಶಾಖಕ್ಕಿಂತ 2ರಿಂದ 4 ಡಿಗ್ರಿ ತಂಪು ಬೇಕು. ಚೀಲದ ತೆಳು ಚರ್ಮ, ಸೆಕೆಗೆ ಸಡಿಲಾಗಿ ಚಳಿಗೆ ಮುದುಡುವ ಅದರ ಗುಣ, ಎಲ್ಲ ಇರುವುದು ಆ ತಂಪನ್ನು ಕಾಯುವುದಕ್ಕೆ. ಒಳಗೇ ಉಳಿದ ವೃಷಣ ವರ್ಷಗಟ್ಟಲೆ ಶಾಖದಲ್ಲಿರುತ್ತದೆ. ಮುಂದೆ ವೀರ್ಯಾಣು ಆಗಬೇಕಾದ ಮೂಲ ಜೀವಕೋಶಗಳು ಮೊದಲನೇ ವರ್ಷದಲ್ಲಿಯೇ ಒಂದು ಹಂತ ದಾಟಿ ಮಾಗಬೇಕು. ಶಾಖದಲ್ಲಿ ಆ ಮಾಗುವಿಕೆ ಕುಂಟುತ್ತದೆ, ಎರಡನೇ ವರ್ಷದ ಹೊತ್ತಿಗೆ ಕೋಶಗಳ ಸಂಖ್ಯೆಯೇ ಇಳಿಯತೊಡಗುತ್ತದೆ. ಹುಡುಗ ಮಾತ್ರ ಆಡಿಕೊಂಡು, ಉಂಡುಕೊಂಡು, ಚೆನ್ನಾಗಿಯೇ ಬೆಳೆಯುತ್ತಿರುತ್ತಾನೆ. ನೋವಿಲ್ಲ, ಜ್ವರವಿಲ್ಲ. ಆದ್ದರಿಂದಲೇ ಮನೆಯವರಿಗೆ ಆತುರವೂ ಇರುವುದಿಲ್ಲ.

ಇಲ್ಲಿ ನನಗೆ ನಮ್ಮ ದೇವಣಿ ದನದ ನೆನಪಾಗುತ್ತದೆ. ಬೀದರ ಜಿಲ್ಲೆಯೂ ದೇವಣಿ ತಳಿಯ ಸೀಮೆಯೇ. ಬಿಳಿ ಮೈ ಮೇಲೆ ಕರಿ ಮಚ್ಚೆ, ಜೋಲುವ ಉದ್ದ ಕಿವಿ, ಎತ್ತರದ ನಿಲುವು. ಪಶುವೈದ್ಯಕೀಯ ವಿಶ್ವವಿದ್ಯಾಲಯದ ಮುಖ್ಯ ಕಚೇರಿ ಇರುವುದೂ ನಮ್ಮ ಬೀದರದಲ್ಲೇ. ಸಂತೆಯಲ್ಲಿ ಬೀಜದ ಹೋರಿ ಕೊಳ್ಳಲು ಬಂದ ರೈತನನ್ನು ಗಮನಿಸಿ. ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ, ಹಿಂದೆ ಬಂದು ಬಗ್ಗಿ ಎರಡೂ ಬೀಜ ಸಮ ಇವೆಯೋ ಇಲ್ಲವೋ ಕೈ ಹಾಕಿ ನೋಡುತ್ತಾನೆ. ಒಂದು ಕಡಿಮೆಯಿದ್ದರೆ ಬೆಲೆ ಕೇಳದೆ ಮುಂದೆ ಹೋಗುತ್ತಾನೆ. ನಾಲ್ಕು ಜನರೆದುರು ಹಾಡಹಗಲೇ ನಡೆಯುವ ಈ ಪರೀಕ್ಷೆಯಲ್ಲಿ ಯಾರಿಗೂ ನಾಚಿಕೆಯಿಲ್ಲ. ಅದೇ ರೈತ ತನ್ನ ಮೊಮ್ಮಗನ ವಿಷಯ ಬಂದಾಗ ಡಾಕ್ಟರ ಮುಂದೆ ತಲೆ ತಗ್ಗಿಸಿ 'ಹೊಟ್ಟಿ ನೋವಂತ್ರಿ' ಎಂದು ಬೇರೇನೋ ಹೇಳುತ್ತಾನೆ. ನಾಳೆ ಹುಡುಗನ ಲಗ್ನಕ್ಕೆ ಅಡ್ಡಿಯಾದೀತೆಂಬ ಹೆದರಿಕೆ ಅದು. ಆ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಣ್ಣ ಊರಲ್ಲಿ ಬಾಯಿಂದ ಬಾಯಿಗೆ ಹೋದ ಮಾತು ಇಪ್ಪತ್ತು ವರ್ಷ ಬದುಕುತ್ತದೆ. ಆದರೂ ಮಾತು ಮುಚ್ಚಿಡಬೇಕಾದದ್ದು ಊರಿನಿಂದ, ಡಾಕ್ಟರಿಂದ ಅಲ್ಲ.

ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣ ಎಂಬಾತನಿದ್ದ. ರೋಗ, ಮದ್ದುಗಳ ಮಾತನ್ನೇ ವಚನಕ್ಕೆ ತಂದವನು. ಬಸವಕಲ್ಯಾಣದಿಂದ ಕೂಗಳತೆಯಲ್ಲಿ ಎಂಬಂತೆ ಬದುಕುವ ನಮಗೆ ಮೈಯ ಮಾತು ಆಡಲು ಬಾಯಿ ಕಟ್ಟುವುದು ಯಾಕೋ ಗೊತ್ತಿಲ್ಲ.

ಇನ್ನು ಚಳಿಯ ವಿಷಯ. ಡಿಸೆಂಬರಿನಲ್ಲಿ ಬೀದರದ ಚಳಿ ಕರ್ನಾಟಕದಲ್ಲೇ ಹೆಸರುವಾಸಿ. ಆ ಚಳಿಯಲ್ಲಿ ಅಂಗಿ ಬಿಚ್ಚಿದ ಹುಡುಗನ ಬೀಜ ಮೇಲಕ್ಕೆ ಏರಿ ಕಾಣೆಯಾಗುವುದು ಸಹಜ. ತೊಡೆಸಂದಿನ ಒಂದು ಸ್ನಾಯು ಚಳಿಗೆ, ಹೆದರಿಕೆಗೆ, ತಣ್ಣನೆಯ ಕೈ ತಾಗಿದರೆ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಬೆಚ್ಚಗಾದಾಗ ಇಳಿದು ಬಂದು ಚೀಲದಲ್ಲಿ ನಿಲ್ಲುವಂತಿದ್ದರೆ ಅದು ಏರಿಳಿಯುವ ವೃಷಣ, ಶಸ್ತ್ರಚಿಕಿತ್ಸೆ ಬೇಡ. ಆದರೆ ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸುತ್ತಿರಬೇಕು, ಏಕೆಂದರೆ ಹಾಗೆ ಏರಿಳಿಯುವುದರಲ್ಲಿ ಕೆಲವು ಹುಡುಗ ಬೆಳೆದಂತೆ ಮೇಲೆಯೇ ಉಳಿದುಬಿಡುತ್ತವೆ. ನೋಡುವುದಕ್ಕೆ ಒಳ್ಳೆಯ ಹೊತ್ತು ಯಾವುದು ಅಂದರೆ ಆಯಿ ಎರೆಯುವ ಹೊತ್ತೇ. ಬಿಸಿನೀರು, ಬೆಚ್ಚನೆಯ ಕೈ, ಸಡಿಲವಾದ ಮೈ, ಅಗಲಿಸಿದ ಕಾಲು. ಆಸ್ಪತ್ರೆಯ ತಣ್ಣನೆಯ ಮೇಜಿನ ಮೇಲೆ ಶಸ್ತ್ರವೈದ್ಯರು ಕಷ್ಟಪಟ್ಟು ಒದಗಿಸಿಕೊಳ್ಳುವ ಅನುಕೂಲಗಳೆಲ್ಲ ನಮ್ಮ ಬಚ್ಚಲಲ್ಲಿ ತಾವಾಗಿ ಇರುತ್ತವೆ. ಸ್ವಲ್ಪ ದೊಡ್ಡ ಹುಡುಗನಾದರೆ ಚಕ್ಕಳಮಕ್ಕಳ ಹಾಕಿ ಕೂರಿಸಿ ನೋಡಬಹುದು.

ಎರಡೂ ಕಡೆ ಸಿಗದಿದ್ದರೆ ಮಾತು ಬೇರೆ. ಹುಟ್ಟಿದ ಕೂಸಿಗೆ ಎರಡೂ ಕೈಗೆ ಸಿಗದಿದ್ದರೆ, ಅಥವಾ ಮೂತ್ರದ ದಾರಿ ತುದಿಯಲ್ಲಿರದೆ ಕೆಳಗಿದ್ದರೆ, ಆರು ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ. ಅಡ್ರಿನಲ್ ಗ್ರಂಥಿಯ ಒಂದು ಹುಟ್ಟು ದೋಷದಲ್ಲಿ ಹೆಣ್ಣು ಕೂಸೇ ಹೊರನೋಟಕ್ಕೆ ಗಂಡಿನಂತೆ ಕಾಣುತ್ತದೆ. ಅಂಥ ಕೂಸಿಗೆ ಎರಡು ಮೂರು ವಾರದೊಳಗೆ ಮೈಯ ಉಪ್ಪು ಸೋರಿ, ವಾಂತಿಯಾಗಿ, ನಿತ್ರಾಣವಾಗಿ ಜೀವಕ್ಕೇ ಬರಬಹುದು. ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ಮಕ್ಕಳ ಡಾಕ್ಟರಿಗೆ ತೋರಿಸಿ ಪರೀಕ್ಷೆ ಮಾಡಿಸಬೇಕು.

ಸ್ಕ್ಯಾನಿಂಗ್ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಏನಾದರೂ ಮೊದಲು ಸ್ಕ್ಯಾನ್ ಆಗಬೇಕು, ಕೈಯಲ್ಲಿ ಫಿಲ್ಮ್ ಇರಬೇಕು, ಆಗಲೇ ಸಮಾಧಾನ. ಈ ತೊಂದರೆಗೆ ಅದರಿಂದ ಉಪಯೋಗ ಕಡಿಮೆ. ಸ್ಕ್ಯಾನಿನಲ್ಲಿ ಕಾಣಲಿಲ್ಲವೆಂದರೆ ಇಲ್ಲವೇ ಇಲ್ಲ ಎಂದು ಹೇಳಲು ಬರುವುದಿಲ್ಲ, ಕಂಡಿತೆಂದರೂ ಮಾಡುವ ಕೆಲಸ ಬದಲಾಗುವುದಿಲ್ಲ. ಅನುಭವಿ ಶಸ್ತ್ರವೈದ್ಯನ ಬೆರಳೇ ಇಲ್ಲಿ ದೊಡ್ಡದು. ಹಿಂದೆ ಹಾರ್ಮೋನ್ ಸೂಜಿ ಕೊಟ್ಟು ಇಳಿಸುವ ಪ್ರಯತ್ನ ಬಹಳ ನಡೆದಿತ್ತು. ಇಳಿದದ್ದು ಕಡಿಮೆ, ಇಳಿದದ್ದರಲ್ಲಿ ಮತ್ತೆ ಏರಿದ್ದೂ ಉಂಟು, ಹೀಗಾಗಿ ಈಗ ಅದನ್ನು ಸಲಹೆ ಮಾಡುವುದಿಲ್ಲ. ಎಣ್ಣೆ ಹಚ್ಚಿ ನೀವಿ ಇಳಿಸುತ್ತೇನೆ ಎನ್ನುವವರ ಕೈಗಂತೂ ಕೂಸನ್ನು ಕೊಡಲೇಬಾರದು. ಇಳಿಯದ ವೃಷಣದ ಜೊತೆಗೆ ಹರ್ನಿಯಾದ ಚೀಲವೂ ಸಾಮಾನ್ಯವಾಗಿ ಇರುತ್ತದೆ, ಕರುಳು ಅಲ್ಲಿಗೆ ಜಾರಿರಬಹುದು. ಖಾಲಿ ಚೀಲದ ಹುಡುಗನಿಗೆ ತೊಡೆಸಂದಿನಲ್ಲಿ ಗಂಟು ಬಂದು ನೋವು, ವಾಂತಿ ಶುರುವಾದರೆ ಕರುಳು ಸಿಕ್ಕಿಕೊಂಡಿರಬಹುದು, ವೃಷಣ ತಿರುಚಿಕೊಂಡಿರಬಹುದು. ಅದು ಗಂಟೆಗಳ ಲೆಕ್ಕದ ಮಾತು, ರಾತ್ರಿಯಾದರೂ ಹೊರಡಬೇಕು.

ಶಸ್ತ್ರಚಿಕಿತ್ಸೆಗೆ ಹೆದರುವವರಿಗೆ ಅದರ ಹಳೆಯ ಕಥೆ ಹೇಳಬೇಕು. 1877ರಲ್ಲಿ ಎಡಿನ್‌ಬರೋದ ಥಾಮಸ್ ಅನ್ನಂಡೇಲ್ ಎಂಬ ವೈದ್ಯ ಮೂರು ವರ್ಷದ ಹುಡುಗನೊಬ್ಬನ ಜಾಗ ತಪ್ಪಿದ ವೃಷಣವನ್ನು ಚೀಲಕ್ಕೆ ತಂದು ಹೊಲಿದು ಗೆದ್ದ. ಅದಕ್ಕೆ ಕೆಲವು ವರ್ಷ ಮೊದಲು ಲಂಡನ್ನಿನಲ್ಲಿ ಇಂಥದೇ ಪ್ರಯತ್ನವಾಗಿ ಕೂಸು ಉಳಿದಿರಲಿಲ್ಲ. ಅನ್ನಂಡೇಲನ ಕೈ ಹಿಡಿದದ್ದು ಗಾಯಕ್ಕೆ ಕೀವಾಗದಂತೆ ಕಾಯುವ ಜೋಸೆಫ್ ಲಿಸ್ಟರನ ವಿದ್ಯೆ. ಇವತ್ತು ಈ ಶಸ್ತ್ರಚಿಕಿತ್ಸೆ ಮಕ್ಕಳ ಶಸ್ತ್ರವೈದ್ಯರ ದಿನನಿತ್ಯದ ಕೆಲಸ. ಮುಂಜಾನೆ ಕೂಸನ್ನು ಹೊಟ್ಟೆ ಖಾಲಿ ಇಟ್ಟು ಕರೆದುಕೊಂಡು ಹೋಗುತ್ತಾರೆ. ತಾಯಿಗೆ ಬಹಳ ಕಷ್ಟದ ಹೊತ್ತು ಅದು, ಹಾಲಿಗೆ ಅಳುವ ಕೂಸನ್ನು ಭುಜಕ್ಕೆ ಹಾಕಿಕೊಂಡು ವರಾಂಡದಲ್ಲಿ ಅತ್ತಿತ್ತ ತಿರುಗುವುದು. ಒಳಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ತೊಡೆಸಂದಿನಲ್ಲಿ ಚರ್ಮದ ಮಡಿಕೆಯಲ್ಲೇ ಒಂದು ಸಣ್ಣ ಕೊಯ್ತ, ಚೀಲದ ಮೇಲೆ ಇನ್ನೊಂದು. ವೃಷಣದ ರಕ್ತನಾಳದ ಬಳ್ಳಿಯನ್ನು ಸುತ್ತಲಿನ ಎಳೆಗಳಿಂದ ಬಿಡಿಸಿ ಉದ್ದ ಮಾಡಿಕೊಂಡು, ಹರ್ನಿಯಾ ಚೀಲವಿದ್ದರೆ ಕಟ್ಟಿ, ಚೀಲದ ಚರ್ಮದ ಕೆಳಗೆ ಒಂದು ಕಿಸೆ ಮಾಡಿ ಅಲ್ಲಿ ಕೂರಿಸುತ್ತಾರೆ. ಬಹಳ ಸಲ ಅದೇ ದಿನ ಸಂಜೆ ಮನೆಗೆ. ಹೊಟ್ಟೆಯೊಳಗೆ ಮೇಲೆ ಇದ್ದರೆ ದುರ್ಬೀನು ಹಾಕಿ ಹುಡುಕಬೇಕಾಗುತ್ತದೆ, ಕೆಲವೊಮ್ಮೆ ಎರಡು ಹಂತದಲ್ಲಿ ಇಳಿಸಬೇಕಾಗುತ್ತದೆ. ಇದೆಲ್ಲ ಆರು ತಿಂಗಳಿಂದ ಹದಿನೆಂಟು ತಿಂಗಳೊಳಗೆ ಆಗಬೇಕು.

ಮುಂದೇನು? ಆಯಿ ಕೇಳುವುದು ಒಂದೇ, 'ವಂಶ ಬೆಳೀತದಿಲ್ರಿ?' ಬೆಳೆಯುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಒಂದೇ ಕಡೆ ತೊಂದರೆಯಿದ್ದು ಶಸ್ತ್ರಚಿಕಿತ್ಸೆ ಆದ ಗಂಡಸರಲ್ಲಿ 100ಕ್ಕೆ 90ರ ಹತ್ತಿರ ತಂದೆಯಾಗಿದ್ದಾರೆ, ಉಳಿದ ಗಂಡಸರಿಗೂ ಅವರಿಗೂ ವ್ಯತ್ಯಾಸ ಸಣ್ಣದು. ಎರಡೂ ಕಡೆ ಇದ್ದವರಲ್ಲಿ 100ಕ್ಕೆ 65ರ ಆಸುಪಾಸು. ಈ ಲೆಕ್ಕ ಬಂದದ್ದು ಹಳೆಯ ತಲೆಮಾರಿನವರಿಂದ, ಅವರಲ್ಲಿ ಬಹಳ ಜನರಿಗೆ ದೊಡ್ಡವರಾದ ಮೇಲೆ ಶಸ್ತ್ರಚಿಕಿತ್ಸೆ ಆಗಿತ್ತು. ಬೇಗ ಮಾಡಿಸಿದ ಇಂದಿನ ಮಕ್ಕಳ ಪಾಡು ಇನ್ನೂ ಚೆನ್ನಾಗಿರುತ್ತದೆಂದು ನಂಬಲು ಕಾರಣವಿದೆ. ಮೀಸೆ, ದನಿ, ಗಂಡಸುತನ ಇವಕ್ಕೆ ಒಂದು ವೃಷಣವೇ ಸಾಕು.

ಇನ್ನೊಂದು ಕ್ಯಾನ್ಸರಿನ ಭಯ. ಸ್ವೀಡನ್ನಿನಲ್ಲಿ ಈ ಶಸ್ತ್ರಚಿಕಿತ್ಸೆಯಾದ 16,983 ಗಂಡಸರನ್ನು ಹಿಂಬಾಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. 13 ವರ್ಷದೊಳಗೆ ಮಾಡಿಸಿದವರಲ್ಲಿ ವೃಷಣದ ಕ್ಯಾನ್ಸರ್ ಉಳಿದವರಿಗಿಂತ ಎರಡು ಪಟ್ಟಿಗೂ ತುಸು ಹೆಚ್ಚು, 13 ದಾಟಿದ ಮೇಲೆ ಮಾಡಿಸಿದವರಲ್ಲಿ ಐದು ಪಟ್ಟಿಗೂ ಹೆಚ್ಚು. ಪಟ್ಟು ಎಂಬ ಮಾತು ಕೇಳಿ ಗಾಬರಿಯಾಗಬಾರದು. ಈ ಕ್ಯಾನ್ಸರ್ ನಮ್ಮ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷ ಗಂಡಸರಲ್ಲಿ ಒಬ್ಬರಿಗೂ ಬರುವುದಿಲ್ಲ, ಬಂದರೂ ಬೇಗ ಸಿಕ್ಕರೆ ಗುಣವಾಗುವ ಕ್ಯಾನ್ಸರುಗಳಲ್ಲಿ ಇದು ಮುಂದಿನ ಸಾಲಿನದು. ಚೀಲಕ್ಕೆ ಇಳಿಸಿದ್ದರೆ ಗಂಟು ಬಂದಾಗ ಕೈಗೆ ಸಿಗುತ್ತದೆ. ಹೊಟ್ಟೆಯೊಳಗೇ ಬಿಟ್ಟಿದ್ದರೆ ಯಾರ ಕೈಗೂ ಸಿಗುವುದಿಲ್ಲ.

ಮನೆಯಲ್ಲಿ ಮುಚ್ಚಿಟ್ಟದ್ದು ಹೊರಗೆ ಬೀಳುವ ಜಾಗಗಳೂ ಇವೆ. ಮುಸಲ್ಮಾನರ ಮನೆಯ ಹುಡುಗರಿಗೆ ಸುನ್ನತಿ ಮಾಡಿಸುವಾಗ ಡಾಕ್ಟರ ಕಣ್ಣಿಗೆ ಬೀಳುತ್ತದೆ, ಆ ಮಟ್ಟಿಗೆ ಅವರಿಗೆ ಇನ್ನೊಂದು ಅವಕಾಶ ಸಿಕ್ಕಂತೆ. ಉಳಿದವರಲ್ಲಿ ಹುಡುಗ ಚಡ್ಡಿ ಹಾಕತೊಡಗಿದ ಮೇಲೆ ನೋಡುವವರಿಲ್ಲ. ಅಂಗನವಾಡಿಗೆ, ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ಕಣ್ಣು, ಹಲ್ಲು, ಹೃದಯ ನೋಡುತ್ತದೆ, ಆದರೆ ಶಾಲೆಯ ವರಾಂಡದಲ್ಲಿ ಸಾಲು ನಿಂತ ಹುಡುಗರ ಚಡ್ಡಿ ಬಿಚ್ಚಿಸುವುದು ಆಗದ ಮಾತು. ಆಮೇಲೆ ಹತ್ತೊಂಬತ್ತರ ಹುಡುಗ ಸೈನ್ಯಕ್ಕೆ ಸೇರಬೇಕೆಂದು ನಸುಕಿನಲ್ಲೆದ್ದು ಹುಮನಾಬಾದ ರಸ್ತೆಯಲ್ಲಿ ಓಡಿ ಓಡಿ, ಓಟದಲ್ಲಿ ಪಾಸಾಗಿ, ವೈದ್ಯಕೀಯ ತಪಾಸಣೆಯ ಕೋಣೆಯಲ್ಲಿ ನಿಂತಾಗ ಗೊತ್ತಾಗುತ್ತದೆ. ಆ ವಯಸ್ಸಿಗೆ ಒಳಗಿನ ವೃಷಣದಲ್ಲಿ ವೀರ್ಯಾಣು ಹುಟ್ಟುವ ಶಕ್ತಿ ಬಹುತೇಕ ಹೋಗಿರುತ್ತದೆ. ಇನ್ನೊಂದು ಚೆನ್ನಾಗಿದ್ದರೆ ಇದನ್ನು ತೆಗೆಸುವುದೇ ಒಳ್ಳೆಯದೆಂದು ಡಾಕ್ಟರು ಹೇಳುವುದುಂಟು. ಆ ಹುಡುಗನ ಸಂಕಟ ನೆನೆದರೆ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಹೇಳಲಾಗದ ಸಿಟ್ಟು.

ದೂರದ ನೆಪ ಈಗ ನಡೆಯುವುದಿಲ್ಲ. ನಿಜಾಮರ ಕಾಲದಲ್ಲಿ ಚಿಟಗುಪ್ಪ ಪಾಯಗಾ ಎಂಬ ಶ್ರೀಮಂತ ಮನೆತನದ ಜಾಗೀರಿನ ಊರು, ದೊಡ್ಡ ಕಾಯಿಲೆಗೆ ಹೈದರಾಬಾದೇ ಗತಿ. ಇವತ್ತಿಗೂ ಹೆದ್ದಾರಿ ಹಿಡಿದು ಹೈದರಾಬಾದಿನ ನೀಲೋಫರ್ ಮಕ್ಕಳ ಆಸ್ಪತ್ರೆಗೆ ಹೋಗುವವರಿದ್ದಾರೆ. ಆದರೆ ಈಗ ಬೀದರದಲ್ಲೇ ಬ್ರಿಮ್ಸ್ ವೈದ್ಯಕೀಯ ಕಾಲೇಜಿದೆ, ಕಲಬುರಗಿಯಲ್ಲಿ ಸರ್ಕಾರಿ, ಖಾಸಗಿ ಎರಡೂ ವೈದ್ಯಕೀಯ ಕಾಲೇಜುಗಳಿವೆ, 2017ರಿಂದ ಹುಮನಾಬಾದದಲ್ಲಿ ಹತ್ತಿದರೆ ಕಲಬುರಗಿಗೆ ನೇರ ರೈಲಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವಿದೆ. ಆಸ್ಪತ್ರೆಯಲ್ಲಿ ಕೂರುವ ಆರೋಗ್ಯ ಮಿತ್ರರನ್ನು ಕೇಳಿದರೆ ಕಾಗದದ ದಾರಿ ತೋರಿಸುತ್ತಾರೆ. ನಾನು ಬಾಣಂತಿಯರಿಗೆ ಹೇಳುವುದು ಇಷ್ಟು. ಆಶಾ ಕಾರ್ಯಕರ್ತೆ ಮೊದಲ ನಲವತ್ತೆರಡು ದಿನದಲ್ಲಿ ಆರು ಸಲ ಮನೆಗೆ ಬರುತ್ತಾಳೆ, ಅವಳ ಕಿವಿಗೆ ಹಾಕಿ. ಹದಿನಾಲ್ಕು ವಾರದ ಸೂಜಿಗೆ ಹೋದಾಗ ಡಾಕ್ಟರಿಗೆ ತೋರಿಸಿ ತಾಯಿ ಕಾರ್ಡಿನ ಮೇಲೆ ಬರೆಸಿ. ಒಂಬತ್ತು ತಿಂಗಳ ಸೂಜಿಯ ಹೊತ್ತಿಗೂ ಇಳಿದಿಲ್ಲವೆಂದರೆ ಅಷ್ಟರಲ್ಲಿ ಶಸ್ತ್ರವೈದ್ಯರ ಭೇಟಿ ಆಗಿರಲೇಬೇಕು.

ಶಸ್ತ್ರಚಿಕಿತ್ಸೆ ಆದ ಮೇಲೆ ಎಷ್ಟೋ ಮನೆಯಲ್ಲಿ ಇನ್ನೊಂದು ಮೌನ ಶುರುವಾಗುತ್ತದೆ. ಹುಡುಗನಿಗೆ ನೆನಪಿರುವುದಿಲ್ಲ, ಹೇಳುವವರಿಲ್ಲ. ತೊಡೆಸಂದಿನ ಗೆರೆ ಏನೆಂದು ಕೇಳಿದರೆ 'ಸಣ್ಣವಿದ್ದಾಗ ಬಿದ್ದಿದ್ದಿ' ಎನ್ನುತ್ತಾರೆ. ಅವನಿಗೆ ಹದಿಮೂರೋ ಹದಿನಾಲ್ಕೋ ಆದಾಗ ಅಪ್ಪನೋ ಕಾಕಾನೋ ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಬೇಕು. ಡಿಸ್‌ಚಾರ್ಜ್ ಕಾಗದವನ್ನು ರೇಷನ್ ಕಾರ್ಡಿನ ಜೊತೆ ಎತ್ತಿಟ್ಟಿದ್ದರೆ ಅದನ್ನು ತೋರಿಸಬೇಕು. "ನೋಡಪ್ಪ, ನಿನಗ ಒಂದು ಬೀಜ ಇಳಿದಿದ್ದಿಲ್ಲ, ವರ್ಷದ ಕೂಸಿದ್ದಾಗ ಆಪರೇಷನ್ ಮಾಡಿಸೀವಿ, ಈಗ ಚೊಲೋ ಅದ. ಇನ್ನ ಮ್ಯಾಲೆ ತಿಂಗಳಿಗೊಮ್ಮೆ ಬಿಸಿನೀರಿನ ಜಳಕ ಆದಮ್ಯಾಲೆ ನೀನೇ ಕೈಯಾಡಿಸಿ ನೋಡಕೋ. ಗಟ್ಟಿ ಗಂಟು ಸಿಕ್ಕರ, ಒಂದು ಕಡಿ ದಪ್ಪ ಆದರ, ಭಾರ ಅನಿಸಿದರ ನನ್ನ ಮುಂದ ಹೇಳು, ಹೇಳಾಕ ನಾಚಿಕಿ ಬಂದರ ಸೀದಾ ಡಾಕ್ಟರ ಹತ್ತಿರ ಹೋಗು, ರೊಕ್ಕ ನಾ ಕೊಡತೀನಿ."